ಆಯೇರಿಯ ಮೈಕೂ ಗಂಗಾಧರಪ್ಪನ ಸ್ಯಾಕ್ಸೊಫೋನೂ

ಧ್ವನಿಮುದ್ರಣದ ಕೆಲಸಕ್ಕೆ ಇಳಿಯುವ ಹುಡುಗ ಹುಡುಗಿಯರು ಈಚೆಗೆ ಶಿಕಾರಿಪುರದ ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. ಬಂದವರು ಕಾಫಿ ಲೋಟ ಕೆಳಗಿಡುವ ಮೊದಲೇ ಕೇಳುವುದು ಒಂದೇ ಪ್ರಶ್ನೆ: ಯಾವ ಮೈಕು ಕೊಳ್ಳಬೇಕು? ಅಡುಗೆ ಏನು ಮಾಡಬೇಕೆಂದು ಗೊತ್ತಿಲ್ಲದೆ ಕುಕ್ಕರ್ ಕೊಳ್ಳಲು ಹೊರಟಿದ್ದೀರಲ್ಲಪ್ಪ ಎಂದು ನಾನು ನಗುತ್ತೇನೆ. ಅವರಿಗೆ ನಗು ಬರುವುದಿಲ್ಲ. ಫೋನು ತೆಗೆದು ಬಗೆಬಗೆಯ ಮೈಕುಗಳ ಚಿತ್ರ ತೋರಿಸುತ್ತಾರೆ. ಮೈಕಿನ ವಿಷಯ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು, ಸುಳ್ಳೇಕೆ ಹೇಳಲಿ. ನನಗೆ ಅಷ್ಟಿಷ್ಟು ಗೊತ್ತಿರುವುದು ಮೈಕಿನ ಮುಂದೆ ನಿಲ್ಲುವವರ ವಿಷಯ. ಅದನ್ನಾದರೂ ಬರೆದಿಡೋಣ ಎಂದು ಕೂತಿದ್ದೇನೆ.

ನಾನು ಕೆಲಸ ಕಲಿತದ್ದು ಹಾಲೇಶಪ್ಪನವರ ಮೈಕ್‌ಸೆಟ್ ಅಂಗಡಿಯಲ್ಲಿ. ಹಾಲೇಶಪ್ಪನವರ ಲೆಕ್ಕದಲ್ಲಿ ಸದ್ದು ಎಂದರೆ ಮರ್ಯಾದೆ. ಬಾಡಿಗೆ ಕೊಟ್ಟವನ ಹಾಡು ಅವನ ಹೊಲದ ಬದುವಿನ ತನಕ ಕೇಳಬೇಕು, ಸಾಧ್ಯವಾದರೆ ಅವನಿಗೆ ಆಗದವನ ಮನೆಯೊಳಕ್ಕೂ ಕೇಳಬೇಕು. ಹುಣಿಸೆಮರದ ತುದಿಗೆ ಹಾರ್ನ್ ಕಟ್ಟಿಸಿ, ಕೆಳಗೆ ನಿಂತು, ಕಿವಿ ಮುಚ್ಚಿಕೊಂಡು, ಇನ್ನೂ ಸ್ವಲ್ಪ ಏರಿಸು ಎನ್ನುತ್ತಿದ್ದರು. ಅವರು ಟೇಪ್ ರೆಕಾರ್ಡರ್ ತಂದ ವರ್ಷ ನಾವು ಮೊದಲು ಮುದ್ರಿಸಿದ್ದು ಅಂಜನಾಪುರದ ಭಜನೆ ಮೇಳವನ್ನು. ಗಾಳಿ ತಡೆಯಲೆಂದು ಯಜಮಾನರು ಮೈಕನ್ನು ಊರ ಪಕ್ಕದ ಡ್ಯಾಮಿನ ಕಡೆ ತಿರುಗಿಸಿ ಇಡಿಸಿದರು. ಮಳೆಗಾಲ ಬೇರೆ. ಕ್ಯಾಸೆಟ್ಟು ಹಾಕಿ ಕೇಳಿದರೆ ತಾಳ ಎಲ್ಲೋ ದೂರದಲ್ಲಿ, ಕಪ್ಪೆಗಳು ಕಿವಿಯ ಪಕ್ಕದಲ್ಲಿ. ಯಜಮಾನರ ಮುಖ ಸಣ್ಣದಾಯಿತು. ಮೇಳದವರು ಮಾತ್ರ ತುಂಬ ಮೆಚ್ಚಿ, ನಮ್ಮೂರಾಗ ಕುಂತು ಹಾಡಿದಂಗೇ ಐತಲ್ರಿ ಎಂದು ಇನ್ನಷ್ಟು ಪ್ರತಿ ಮಾಡಿಸಿಕೊಂಡು ಹೋದರು.

ಆಮೇಲೆ ಶಿವಮೊಗ್ಗದ ಒಂದು ಕ್ಯಾಸೆಟ್ ಕಂಪನಿಯ ಸ್ಟುಡಿಯೋ ಸೇರಿದೆ. ಅಲ್ಲಿನ ಸಾಹುಕಾರರು ಹಾಲೇಶಪ್ಪನವರಿಗೆ ತದ್ವಿರುದ್ಧ. ಸೊಳ್ಳೆ ಹಾರಿದರೂ ಮುದ್ರಣ ನಿಲ್ಲಿಸುತ್ತಿದ್ದರು. ಒಮ್ಮೆ ಸೊರಬದ ಕಡೆಯಿಂದ ಸೋಬಾನೆ ಹೇಳುವ ಹೆಂಗಸರನ್ನು ಕರೆಸಿದ್ದೆವು. ಗೋಡೆಗೆಲ್ಲ ಮೆತ್ತೆ ಹೊಡೆದ ಆ ಕೋಣೆಯಲ್ಲಿ ನಿಂತ ಅವರ ಬಾಯಿಂದ ಒಂದು ಸೊಲ್ಲೂ ಹೊರಡಲಿಲ್ಲ. ಎದುರಿಗೆ ಅರಿಶಿನ ಹಚ್ಚಿಸಿಕೊಳ್ಳುವವರೇ ಇಲ್ಲದೆ ಅರಿಶಿನದ ಹಾಡು ಹೇಗೆ ಹೇಳುವುದು ಎಂದು ಹಿರಿಯಾಕೆ ನೇರವಾಗಿ ಕೇಳಿದರು. ಕೊನೆಗೆ ಸಾಹುಕಾರರನ್ನೇ ಸ್ಟೂಲಿನ ಮೇಲೆ ಕೂರಿಸಿದೆವು. ಹೆಂಗಸರು ಹಾಡುತ್ತ ಹಾಡುತ್ತ ಅವರ ಕೆನ್ನೆ, ಕೈ, ಬೊಕ್ಕತಲೆ ಯಾವುದನ್ನೂ ಬಿಡದೆ ಅರಿಶಿನ ಬಳಿದರು. ಹಾಡು ಎಷ್ಟು ಚೆನ್ನಾಗಿ ಬಂತೆಂದರೆ ಸಾಹುಕಾರರು ಅಲುಗಾಡದೆ ಕೂತರು. ಮಧ್ಯಾಹ್ನ ಬ್ಯಾಂಕಿನವರು ಬಂದಾಗ ಅದೇ ಹಳದಿ ಮುಖದಲ್ಲಿ ಮಾತಾಡಬೇಕಾಯಿತು ಪಾಪ.

ಸ್ಪೂಲು ಹೋಯಿತು, ಕ್ಯಾಸೆಟ್ಟು ಹೋಯಿತು, ಸಿ.ಡಿ. ಬಂದದ್ದೂ ಹೋದದ್ದೂ ಗೊತ್ತಾಗಲಿಲ್ಲ. ಕಂಪ್ಯೂಟರ್ ಬಂದಾಗ ನಾನು ಹೆದರಲಿಲ್ಲ, ಖುಷಿಪಟ್ಟೆ. ಹಿಂದೆ ಬ್ಲೇಡಿನಿಂದ ಟೇಪು ಕತ್ತರಿಸಿ ಅಂಟಿಸುವಾಗ ಒಮ್ಮೆ ತಪ್ಪಿದರೆ ಹೋಯಿತು, ಅಷ್ಟೇ. ಈಗ ತಪ್ಪು ಕತ್ತರಿಸಿದರೆ ಮತ್ತೆ ಕೂಡಿಸಬಹುದು. ಹಳೆಯದೇ ಚೆನ್ನಾಗಿತ್ತು ಎನ್ನುವ ನನ್ನ ವಯಸ್ಸಿನವರ ಗೋಳಿಗೆ ನಾನು ಸೇರುವವನಲ್ಲ. ಹಾಗೆ ಯಂತ್ರವನ್ನು ನಂಬಿಕೊಂಡೇ ನನ್ನ ಕೊನೆಯ ದೊಡ್ಡ ಕೆಲಸಕ್ಕೆ ಹೋದೆ. ಇಷ್ಟೆಲ್ಲ ಬರೆಯಲು ಹೊರಟದ್ದೂ ಅದನ್ನು ಹೇಳುವುದಕ್ಕೇ.

ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯ ಗಂಗಾಧರಪ್ಪ ಮದುವೆಗಳಲ್ಲಿ ಬಾರಿಸುವ ಬ್ಯಾಂಡ್‌ಸೆಟ್ಟಿನ ಮನೆಯವರು. ತಂದೆ ಕ್ಲಾರಿಯೊನೆಟ್, ಚಿಕ್ಕಪ್ಪಂದಿರು ಡೋಲು, ಇವರು ಸ್ಯಾಕ್ಸೊಫೋನ್. ಒಂದು ಮದುವೆಯಲ್ಲಿ ಊಟದ ಹೊತ್ತಿಗೆ, ಕೇಳುವವರೆಲ್ಲ ಎಲೆಯ ಮುಂದೆ ಕೂತಿದ್ದಾಗ, ಇವರು ಖಾಲಿ ಮಂಟಪದ ಪಕ್ಕದಲ್ಲಿ ತಮ್ಮ ಪಾಡಿಗೆ ತಾವು ಏನನ್ನೋ ಊದುತ್ತಿದ್ದರಂತೆ. ಬೆಂಗಳೂರಿನಿಂದ ಮದುವೆಗೆ ಬಂದಿದ್ದ ನಂದಿತಾ ಎಂಬ ಪಿಯಾನೋ ಬಾರಿಸುವ ಹೆಣ್ಣುಮಗಳು ಪಾಯಸ ಬಿಟ್ಟು ಎದ್ದು ಬಂದಳು. ಅವಳದೊಂದು ಜಾಝ್ ತಂಡವಿತ್ತು. ಅಂದಿನಿಂದ ಗಂಗಾಧರಪ್ಪ ಆ ತಂಡದವರಾದರು. ಮದುವೆ ಕಾಲ ಮುಗಿದರೆ ರೈಲು ಹತ್ತಿ ಬೆಂಗಳೂರು, ಮುಂಬಯಿ ಎಂದು ತಿರುಗುತ್ತಿದ್ದರು. ಜಾಝ್ ಎಂದರೇನು ಎಂದು ನಾನೊಮ್ಮೆ ಕೇಳಿದ್ದಕ್ಕೆ ಅವರು ಹೇಳಿದ್ದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಇನ್ನೂ ಓದಿಲ್ಲ.

"ಎಲ್ಲರೂ ಸೇರ್ಕಂಡು ಒಂದು ಪಲ್ಲವಿ ಬಾರಿಸ್ತೀವಿ ಮಾರಾಯ್ರೆ. ಆಮೇಲೆ ಒಬ್ಬೊಬ್ನೇ ಮನಸಿಗೆ ಬಂದ ಕಡೆ ಹೊರಟು ಹೋಗದು. ಉಳಿದವ್ರು ದಾರಿ ಕಾಯ್ತಾ ಇರ್ತಾರೆ. ಸುತ್ತಾಡ್ಕಂಡು ವಾಪಸ್ ಬಂದು ಸೇರ್ಕಳದು. ಅಷ್ಟೇಯ."

ಹೀಗಿರುವಾಗ ಗಂಗಾಧರಪ್ಪನವರ ಮುಂದಿನ ಹಲ್ಲುಗಳು ಅಲ್ಲಾಡತೊಡಗಿದವು. ಸ್ಯಾಕ್ಸೊಫೋನಿನ ಬಾಯಿ ನಿಲ್ಲುವುದೇ ಮೇಲಿನ ಹಲ್ಲಿನ ಆಧಾರದ ಮೇಲೆ. ವಸಡು ಸೋತಿದೆ, ಎಲ್ಲವನ್ನೂ ಕೀಳಬೇಕು ಎಂದು ದಂತವೈದ್ಯರು ಹೇಳಿದರು. ಕಟ್ಟಿಸಿದ ಹಲ್ಲು ಅನ್ನಕ್ಕೆ ಆದೀತು, ಊದುವುದಕ್ಕೆ ಆಗುವ ಭರವಸೆ ಇಲ್ಲ. ತಂಡದ ಜೊತೆ ಅವರು ಊದಿದ್ದು ಸರಿಯಾಗಿ ಎಲ್ಲಿಯೂ ಮುದ್ರಣವಾಗಿರಲಿಲ್ಲ. ಹಲ್ಲು ಕೀಳಿಸುವ ಮೊದಲು ಒಂದು ಕಛೇರಿ ಮಾಡಿ, ಅದನ್ನೇ ಲೈವ್ ಆಲ್ಬಮ್ ಮಾಡಿ ಬಿಡುವುದೆಂದು ನಂದಿತಾ ನಿಶ್ಚಯಿಸಿದಳು. ಬೆಂಗಳೂರಿನ ಸಭಾಂಗಣವನ್ನು ಗಂಗಾಧರಪ್ಪ ಒಪ್ಪಲಿಲ್ಲ. ತಾನು ಅಲ್ಲೆಲ್ಲ ಹೋಗಿ ಏನು ಊದುತ್ತೇನೆಂದು ನಮ್ಮ ಕಡೆಯವರು ಒಮ್ಮೆಯೂ ಕೇಳಿಲ್ಲ, ಅವರ ಮುಂದೆಯೇ ಆಗಲಿ ಎಂದರು. ಸೊರಬದಲ್ಲಿ ತಕ್ಕ ಜಾಗ ಸಿಗದೆ ಶಿಕಾರಿಪುರದ ರಂಗಮಂದಿರ ಗೊತ್ತಾಯಿತು. ಮುದ್ರಿಸಲು ನನ್ನನ್ನು ಕರೆದರು. ಎಡವಿದರೆ ಇನ್ನೊಂದು ಸಲ ಊದಿಸೋಣ ಎನ್ನುವ ಹಾಗಿರಲಿಲ್ಲ. ಹಾಗಾಗಿ ಆ ಸಂಜೆ ಪ್ರತಿಯೊಂದು ವೈರನ್ನೂ ನಾನೇ ಮುಟ್ಟಿ ನೋಡಿದೆ.

ಮುಟ್ಟಿ ನೋಡದೆ ಬಿಟ್ಟದ್ದು ಬಸವರಾಜಪ್ಪನವರ ಮೈಕೊಂದನ್ನೇ. ಇವರು ಊರಿನ ನಾಟಕಗಳಲ್ಲಿ ಮೊದಲಿಂದ ಘೋಷಣೆ ಮಾಡಿಕೊಂಡು ಬಂದವರು. ಸ್ವಾಗತ ಭಾಷಣಕ್ಕೆಂದು ಕೊಟ್ಟ ಮೈಕನ್ನು ತೊಡೆಯ ಮೇಲಿಟ್ಟುಕೊಂಡು ವೇದಿಕೆಯ ಬದಿಯಲ್ಲೇ ಕುರ್ಚಿ ಹಾಕಿಸಿಕೊಂಡು ಕೂತುಬಿಟ್ಟರು. ನಮ್ಮ ಕಡೆಯ ನಾಟಕ ನೋಡಿದವರಿಗೆ ಮುಂದಿನದು ಗೊತ್ತಾಗುತ್ತದೆ. ಪಾತ್ರಧಾರಿಯ ಆಟ ಮನಸ್ಸಿಗೆ ಹಿಡಿಸಿದರೆ ಕೂತವರು ಎದ್ದು ಹೋಗಿ ಆಯೇರಿ ಮಾಡುತ್ತಾರೆ. ಒಂದು ಟವೆಲ್ಲೋ, ಷರ್ಟ್ ಪೀಸೋ, ಕೈಲಾದದ್ದು. ಕೊಟ್ಟವರ ಹೆಸರನ್ನು ಆ ಕ್ಷಣವೇ ಮೈಕಿನಲ್ಲಿ ಕೂಗಬೇಕು. ರಾಜ ಸಾಯುತ್ತಿದ್ದರೂ ಸರಿ, ಹೆಸರು ಕೂಗಿ ಮುಗಿಯುವ ತನಕ ಪ್ರಾಣ ಹಿಡಿದುಕೊಂಡಿರಬೇಕು.

ಗಂಗಾಧರಪ್ಪ ಪಲ್ಲವಿ ಬಿಟ್ಟು ಒಬ್ಬರೇ ಹೊರಟು, ಒಳ್ಳೆಯ ಹದಕ್ಕೆ ಬಂದಿದ್ದಾಗ ಒಬ್ಬರು ಟವೆಲ್ ಹಿಡಿದು ವೇದಿಕೆ ಹತ್ತಿದರು. ಬಸವರಾಜಪ್ಪ ಗಂಟಲು ಸರಿಮಾಡಿಕೊಂಡು, ಕುಪ್ಪಗಡ್ಡೆಯ ಪುಟ್ಟಪ್ಪನವರಿಂದ ಸ್ಯಾಕ್ಸೊಫೋನ್ ಕಲಾವಿದರಿಗೆ ಆಯೇರಿ ಎಂದು ಕೂಗತೊಡಗಿದರು. ಪಿಯಾನೋ ಮೇಲೆ ನಂದಿತಾಳ ಕೈ ತಡವರಿಸಿತು. ಅವಳು ನನ್ನ ಕಡೆ ನೋಡಿದ ನೋಟ ಹೇಗಿತ್ತೆಂದರೆ ನಾನು ಅಲ್ಲೇ ಕುಸಿದು ಹೋಗಬೇಕು. ಬಸವರಾಜಪ್ಪನವರ ಮೈಕು ಬಂದ್ ಮಾಡಲು ಗುಂಡಿಯ ಮೇಲೆ ಬೆರಳು ಇಟ್ಟೆ. ಆದರೆ ಹೆಸರು ಅರ್ಧಕ್ಕೆ ನುಂಗಿದರೆ ಪುಟ್ಟಪ್ಪನವರು ಬದುಕಿರುವ ತನಕ ಮರೆಯುವುದಿಲ್ಲ, ಊರಿನವರು ಮರೆಯಲು ಬಿಡುವುದೂ ಇಲ್ಲ. ನನ್ನ ಬೆರಳು ಅಲ್ಲೇ ನಿಂತಿರುವಾಗ ಗಂಗಾಧರಪ್ಪ ವಾದ್ಯವನ್ನು ಪುಟ್ಟಪ್ಪನವರ ಕಡೆ ತಿರುಗಿಸಿ ಗತ್ತಿನಲ್ಲಿ ನಾಲ್ಕು ಸ್ವರ ಊದಿದರು. ನಮಸ್ಕಾರ ಹೇಳಿದ ಹಾಗೇ ಇತ್ತು. ಜನ ನಕ್ಕರು, ಡ್ರಮ್ಮಿನವನು ಅದನ್ನೇ ಹಿಡಿದುಕೊಂಡ.

ಆಮೇಲೆ ಕೇಳಬೇಕೆ. ಸಾಲು ಹತ್ತಿತು. ಹೆಸರಿನ ಹಿಂದೆ ಮುಂದೆ ಬಿರುದುಗಳಿದ್ದ ಮುಖಂಡರೊಬ್ಬರಿಗೆ ಗಂಗಾಧರಪ್ಪ ಉಸಿರು ಕಟ್ಟುವ ತನಕ ಉದ್ದವಾಗಿ ಊದಿದರು. ಕುರಿ ಸಾಕುವ ಮಾಲತೇಶಪ್ಪನಿಗೆ ಮರಿ ಕೂಗಿದ ಹಾಗೆ ಊದಿದರು. ನಂದಿತಾಳಿಗೂ ಆಟ ತಿಳಿಯಿತು. ಬಸವರಾಜಪ್ಪ ಕೂಗುವುದು, ಸ್ಯಾಕ್ಸೊಫೋನ್ ಉತ್ತರ ಕೊಡುವುದು, ಪಿಯಾನೋ ಅದಕ್ಕೊಂದು ಒಗ್ಗರಣೆ ಹಾಕುವುದು. ರಂಗಮಂದಿರ ಎದ್ದು ಕುಣಿಯುವುದೊಂದು ಬಾಕಿ ಇತ್ತು.

ಆಗ ಬಸವರಾಜಪ್ಪನವರ ಕೈಗೆ ಯಾರೋ ಪಂಚೆ, ಷರ್ಟ್ ಪೀಸಿನ ಪೊಟ್ಟಣ ತಂದುಕೊಟ್ಟು ಕಿವಿಯಲ್ಲಿ ಏನೋ ಹೇಳಿದರು. ಬಸವರಾಜಪ್ಪ ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಂಡು, ಎದ್ದು ನಿಂತು ಕೂಗಿದರು.

"ಕುಪ್ಪಗಡ್ಡೆಯ ಶ್ರೀಮತಿ ಸಾವಿತ್ರಮ್ಮನವರಿಂದ, ತಮ್ಮ ಯಜಮಾನರಾದ ಸ್ಯಾಕ್ಸೊಫೋನ್ ಕಲಾವಿದರಿಗೆ ಆಯೇರಿ."

ಕಟ್ಟಿಕೊಂಡ ಗಂಡನಿಗೆ ಹೆಂಡತಿ ಆಯೇರಿ ಮಾಡಿದ್ದನ್ನು ನಮ್ಮ ಕಡೆ ಯಾರೂ ಕಂಡಿಲ್ಲ. ಜನ ಹೋ ಎಂದರು. ಗಂಗಾಧರಪ್ಪ ವಾದ್ಯವನ್ನು ಬಾಯಿಂದ ತೆಗೆದು ಸುಮ್ಮನೆ ನಿಂತರು. ತಂಡದವರೂ ನಿಲ್ಲಿಸಿದರು. ನಿಧಾನಕ್ಕೆ ಜನರ ಗದ್ದಲವೂ ನಿಂತಿತು. ನನ್ನ ಮುಂದಿದ್ದ ಕಂಪ್ಯೂಟರ್ ಪರದೆಯ ಮೇಲೆ ಸದ್ದಿನ ಗೆರೆಗಳೆಲ್ಲ ಮಲಗಿದವು. ಹಲ್ಲು ಕಿತ್ತುಬಂದೇ ಬಿಟ್ಟಿತು ಎಂದುಕೊಂಡೆ. ಇನ್ನು ತಡೆಯಲಾರೆ ಎನ್ನುವಷ್ಟರಲ್ಲಿ ಗಂಗಾಧರಪ್ಪ ಮತ್ತೆ ಊದಿದರು. ಊದಿದ್ದು ಗಟ್ಟಿಮೇಳ. ತಾಳಿ ಕಟ್ಟುವಾಗ ಅಬ್ಬರಿಸಿ ಬಾರಿಸುತ್ತಾರಲ್ಲ, ಅದನ್ನು ಮೆಲ್ಲಗೆ, ಮಗುವಿನ ತೊಟ್ಟಿಲು ತೂಗುವ ಹಾಗೆ ಊದಿದರು.

ಗಟ್ಟಿಮೇಳ ಮೆಲ್ಲಗೆ ಬಂದರೇನು, ಕೇಳಿದರೆ ನಮ್ಮವರ ಕೈ ಸುಮ್ಮನಿರುತ್ತದೆಯೇ? ಅಕ್ಷತೆ ಎಲ್ಲಿಂದ ಬರಬೇಕು. ಎಲ್ಲರ ಕೈಯಲ್ಲಿದ್ದದ್ದು ಬಾಗಿಲಲ್ಲಿ ಕೊಂಡ ಮಂಡಕ್ಕಿ ಪೊಟ್ಟಣ. ಮುಂದಿನ ಸಾಲಿನವರೊಬ್ಬರು ಎಸೆದರು, ಆಮೇಲೆ ಇಡೀ ರಂಗಮಂದಿರ ಎಸೆಯಿತು. ಮಂಡಕ್ಕಿ ಡ್ರಮ್ಮಿನ ಮೇಲೆ, ಪಿಯಾನೋ ಮೇಲೆ, ನಾನು ಅಷ್ಟು ಜೋಪಾನವಾಗಿ ನಿಲ್ಲಿಸಿದ್ದ ಮೈಕುಗಳ ಮೇಲೆ ಸುರಿಯಿತು. ಡ್ರಮ್ಮಿನವನು ಅದನ್ನು ಕೊಡವಲಿಲ್ಲ. ಕಡ್ಡಿ ಕೆಳಗಿಟ್ಟು, ತಂತಿಯ ಕುಂಚವನ್ನು ಅದರ ಮೇಲೆಯೇ ಮೆಲ್ಲಗೆ ಆಡಿಸಿದ.

ಮರುವಾರ ಗಂಗಾಧರಪ್ಪ ಹಲ್ಲು ಕೀಳಿಸಿಕೊಂಡರು. ನಾನು ಮುದ್ರಿಸಿದ್ದು ಬೆಂಗಳೂರಿಗೆ ಹೋಯಿತು. ಅಲ್ಲಿ ಕಾರ್ತಿಕ್ ಎಂಬ ಎಂಜಿನಿಯರ್ ಹುಡುಗ ಅದನ್ನು ಕೈಗೆತ್ತಿಕೊಂಡ. ಬಹಳ ಒಳ್ಳೆಯ ಕೆಲಸಗಾರ. ಬಸವರಾಜಪ್ಪನವರ ದನಿ ಸ್ಯಾಕ್ಸೊಫೋನಿನ ಮೈಕಿನೊಳಗೂ ಸೇರಿಕೊಂಡಿತ್ತಲ್ಲ, ಈಗಿನ ಕಂಪ್ಯೂಟರಿನಲ್ಲಿ ಅದನ್ನು ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ ಆರಿಸಿ ತೆಗೆದಿದ್ದ. ಎಲ್ಲರೂ ಸುಮ್ಮನಾದ ಜಾಗ ಕಾರಣವಿಲ್ಲದ ಖಾಲಿಯ ಹಾಗೆ ಕಂಡಿದ್ದರಿಂದ ಕತ್ತರಿಸಿ ಆಚೀಚೆ ಕೂಡಿಸಿದ್ದ. ಮಂಡಕ್ಕಿಯನ್ನು ಯಾವುದೋ ವೈರಿನ ಗೊರಗೊರ ಎಂದುಕೊಂಡು ಒರೆಸಿದ್ದ. ಕಳಿಸಿದ್ದನ್ನು ಕೇಳಿ ನಾನಂತೂ ಬೆರಗಾದೆ. ಇಂಥ ಯಂತ್ರ ನನ್ನ ಕಾಲಕ್ಕೆ ಇರಬಾರದಿತ್ತೇ ಎಂದು ಕಾರ್ತಿಕ್‌ಗೆ ಫೋನು ಮಾಡಿ ಹೊಗಳಿದೆ. ಅದೇ ಉತ್ಸಾಹದಲ್ಲಿ ಸ್ಪೀಕರನ್ನು ಚೀಲಕ್ಕೆ ಹಾಕಿಕೊಂಡು ಕುಪ್ಪಗಡ್ಡೆಗೆ ಹೊರಟೆ.

ಸಾವಿತ್ರಮ್ಮನವರು ತಂಗಿಯ ಮನೆಗೆ ಹೋಗಿದ್ದರು. ಗಂಗಾಧರಪ್ಪ ಬೊಚ್ಚುಬಾಯಿಯಲ್ಲಿ ನಗುತ್ತ ಬರಮಾಡಿಕೊಂಡರು. ಹಾಕಿ ಕೇಳಿಸಿದೆ. ಮೊದಲು ತಲೆದೂಗುತ್ತಿದ್ದವರು ಸ್ವಲ್ಪ ಹೊತ್ತಿಗೆ ನಿಲ್ಲಿಸಿದರು. ಮುಗಿದ ಮೇಲೆ, ಇದರಲ್ಲಿ ಸಾವಿತ್ರಿ ಎಲ್ಲಿ ಎಂದು ಕೇಳಿದರು. ತೆಗೆದಿದ್ದೇವೆ, ಈಗ ಎಷ್ಟು ಸ್ವಚ್ಛವಾಗಿದೆ ನೋಡಿ ಎಂದೆ. ಅವರು ಎದ್ದು ಹೋಗಿ ನೀರು ಕುಡಿದು ಬಂದು ಕೂತರು. ಆಮೇಲೆ ತಮ್ಮ ಮದುವೆಯ ಕಥೆ ಹೇಳಿದರು.

ಒಳ್ಳೆಯ ಮುಹೂರ್ತ ಒಂದಿದ್ದರೆ ಆ ದಿನ ಊರೂರಲ್ಲಿ ಮದುವೆ. ಇವರ ಮದುವೆಯೂ ಅಂಥದೇ ದಿನ ಕೂಡಿ ಬಂತು. ಅದೇ ದಿನಕ್ಕೆ ದೊಡ್ಡ ಮನೆಯೊಂದರವರು ಬ್ಯಾಂಡ್‌ಸೆಟ್ಟಿಗೆ ಮೊದಲೇ ವೀಳ್ಯ ಕೊಟ್ಟಿದ್ದರು. ವೀಳ್ಯ ಹಿಡಿದ ಮೇಲೆ ಇಲ್ಲ ಎನ್ನುವಂತಿಲ್ಲ. ಚಿಕ್ಕಪ್ಪಂದಿರೆಲ್ಲ ಡೋಲು ಹೊತ್ತು ಅಲ್ಲಿಗೆ ಹೋದರು. ಬೇರೆ ಬ್ಯಾಂಡುಗಳೂ ಖಾಲಿ ಇರಲಿಲ್ಲ. ಬ್ಯಾಂಡಿನವರ ಮನೆಯ ಮದುವೆಯಲ್ಲಿ ತಾಳಿ ಕಟ್ಟುವಾಗ ಯಾರೋ ಮುದುಕಪ್ಪ ತಾಮ್ರದ ತಟ್ಟೆ ಬಡಿದ. ಅಷ್ಟೇ ಅಲ್ಲ, ಸಂಜೆಯ ಮೆರವಣಿಗೆಗೆ ಜನ ಸಾಲದೆಂದು ಮದುಮಗನೇ ಅರಿಶಿನದ ಕೈಯಲ್ಲಿ ಸ್ಯಾಕ್ಸೊಫೋನ್ ಹಿಡಿದು ಆ ದೊಡ್ಡ ಮನೆಗೆ ಓಡಬೇಕಾಯಿತು. ನಿನಗೊಂದು ದಿನ ಆ ಗಟ್ಟಿಮೇಳ ಊದುತ್ತೇನೆ ಎಂದು ಹೆಂಡತಿಗೆ ಹೇಳಿದ್ದು ಇವತ್ತು ನಾಳೆ ಎಂದು ಹಾಗೇ ಉಳಿದಿತ್ತು. ಆಯೇರಿ ಮಾಡಿದವರು ತಮಗೆ ಬೇಕಾದ ಹಾಡು ಕೇಳಬಹುದು ಎನ್ನುವುದು ನಮ್ಮ ಕಡೆಯ ರೂಢಿ. ಸಾವಿತ್ರಮ್ಮ ಬಾಯಿಬಿಟ್ಟು ಕೇಳಲಿಲ್ಲ, ಇವರಿಗೆ ತಿಳಿಯಿತು.

ನಾನು ಅಲ್ಲಿಂದಲೇ ನಂದಿತಾಳಿಗೆ ಫೋನು ಹಚ್ಚಿದೆ. ಅವಳದೂ ತಪ್ಪಿಲ್ಲ. ಈ ಆಲ್ಬಮ್ಮನ್ನು ಎಲ್ಲೆಲ್ಲಿಯವರೋ ಕೇಳುತ್ತಾರೆ, ಕನ್ನಡ ಬಾರದವರಿಗೆ ನಡುನಡುವೆ ಕೂಗುವ ಹೆಸರು ಗಲಾಟೆಯಾಗಿ ಕೇಳುತ್ತದೆ, ಅಂಕಲ್ ಊದಿದ್ದು ಅವರಿಗೆ ಪೂರ್ತಿ ತಲುಪಬೇಕು ಎನ್ನುವುದೇ ಅವಳ ಆಸೆ. ಬಿಡುಗಡೆಯ ದಿನವೂ ಗೊತ್ತಾಗಿಹೋಗಿತ್ತು. ಗಂಗಾಧರಪ್ಪ ಫೋನು ಇಸಿದುಕೊಂಡರು. ಹಲ್ಲಿಲ್ಲದ ಬಾಯಲ್ಲಿ ಒಂದೊಂದೇ ಮಾತು ಬಿಡಿಸಿ ಹೇಳಿದರು.

"ನೋಡಮ್ಮ, ಆ ಹೆಸರು ತೆಗದ್ರೆ ನಾ ಯಾರ ಹತ್ರ ಮಾತಾಡ್ತಿದೀನಿ ಅಂತ ಗೊತ್ತಾಗಲ್ಲ. ಒಬ್ಬನೇ ಕೂತು ಗೊಣಗೋ ಮುದುಕನ ಹಂಗೆ ಕೇಳ್ತದೆ. ಇನ್ನೊಂದ್ ಸಲ ಊದ್ತೀನಿ ಅನ್ನಕೆ ಬಾಯಿಲ್ಲ ನಂಗೆ. ಅವ್ರ ಹೆಸರು ತೆಗಿಯದಾದ್ರೆ ನನ್ನ ಹೆಸರೂ ತೆಗದುಬಿಡು. ಬೇಜಾರಿಲ್ಲ."

ಆಮೇಲೆ ನಂದಿತಾ, ಆಂಟಿ ಹೆಸರು ಬಂದಾಗ ನೀವು ನಿಲ್ಲಿಸಿದ್ದು ಬೇಕೆಂದೇ ಎಂದು ಕೇಳಿದಳು. ಹೌದು ಎಂದರು. ಅವಳ ದನಿ ಬದಲಾಯಿತು. ನಾನೇ ಪಕ್ಕದಲ್ಲಿ ಕೂತು ಬಾರಿಸಿ ಅದನ್ನು ಮರೆತಿದ್ದೆ ಅಂಕಲ್, ಎಲ್ಲ ಹೇಗಿತ್ತೋ ಹಾಗೇ ಇಡಿಸುತ್ತೇನೆ ಎಂದಳು. ಮಾಡಿದ್ದನ್ನು ಮಾಡದ ಹಾಗೆ ಮಾಡಲು ಕಾರ್ತಿಕ್‌ಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ, ಅಸಲು ಮುದ್ರಣವನ್ನು ಜೋಪಾನವಾಗಿಯೇ ಇಟ್ಟಿದ್ದ. ಆ ಗೊರಗೊರ ಮಾತ್ರ ಏನದು ಎಂದು ಕೇಳಿದ. ಮಂಡಕ್ಕಿ ಎಂದೆ. ಹಾಗಾದರೆ ಅದನ್ನು ಸ್ವಲ್ಪ ಏರಿಸುತ್ತೇನೆ ಅಂಕಲ್ ಎಂದ. ಹುಡುಗ ಮುಂದೆ ಬರುತ್ತಾನೆ.

ಕೆಲಸಕ್ಕೆ ಹೊಸದಾಗಿ ಬರುವವರಿಗೆ ಇದರಿಂದ ಏನು ಹೇಳಬೇಕೆಂದು ನನಗೂ ಸರಿಯಾಗಿ ಗೊತ್ತಿಲ್ಲ. ಗಲೀಜನ್ನೆಲ್ಲ ಹಾಗೇ ಬಿಡಿ ಎನ್ನುತ್ತಿಲ್ಲ. ಫ್ಯಾನಿನ ಸದ್ದು, ಕೆಮ್ಮು, ಕುರ್ಚಿ ಎಳೆದದ್ದು ಎಲ್ಲ ಧಾರಾಳವಾಗಿ ತೆಗೆಯಿರಿ. ತೆಗೆದ ಮೇಲೆ ಒಮ್ಮೆ ಊದಿದವರ, ಹಾಡಿದವರ ಮನೆಗೆ ಹೋಗಿ, ಅವರ ಪಕ್ಕ ಕೂತು ಕೇಳಿ. ಆ ದಿನ ಕುಪ್ಪಗಡ್ಡೆಯ ಬಸ್ಸು ಹತ್ತದೆ ಫೋನಿನಲ್ಲೇ ಕಳಿಸಿಬಿಟ್ಟಿದ್ದರೆ ಆ ಮನುಷ್ಯ ಏನೂ ಹೇಳದೆ ಸುಮ್ಮನಾಗುತ್ತಿದ್ದರು.

ಆಲ್ಬಮ್ ಬಿಡುಗಡೆಯಾದ ದಿನ ಮತ್ತೆ ಕುಪ್ಪಗಡ್ಡೆಗೆ ಹೋದೆ. ಈ ಸಲ ಸಾವಿತ್ರಮ್ಮನವರು ಮನೆಯಲ್ಲಿದ್ದರು. ಇಬ್ಬರೂ ಜಗಲಿಯ ಮೇಲೆ ಸ್ಪೀಕರಿನ ಆಚೆ ಈಚೆ ಕೂತರು. ಪುಟ್ಟಪ್ಪನವರ ಹೆಸರಿಗೆ ಸಾವಿತ್ರಮ್ಮ ನಕ್ಕರು, ಕುರಿಮರಿ ಕೂಗಿದಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ತಮ್ಮ ಹೆಸರು ಬಂದಾಗ ನಾಚಿಕೊಂಡು ಅಂಗಳ ನೋಡಿದರು. ಆಮೇಲೆ ಎಲ್ಲವೂ ನಿಂತಿತು. ಸ್ಪೀಕರ್ ಕೆಟ್ಟಿತೇ ಎನ್ನುವ ಹಾಗೆ ಅವರು ನನ್ನ ಮುಖ ನೋಡಿದರು. ಅಷ್ಟರಲ್ಲಿ ಗಟ್ಟಿಮೇಳ ಶುರುವಾಯಿತು. ಅದನ್ನು ಪೂರ್ತಿ ಕೇಳಿದೆವು.

"ಅಲ್ರೀ, ನನ್ನ ಹೆಸರು ಕೂಗಿ ಅಷ್ಟು ಹೊತ್ತಾದ್ರೂ ಸುಮ್ನಿದ್ರಲ್ಲ, ಎಂತ ಮಾಡ್ತಿದ್ರಿ?" ಎಂದು ಸಾವಿತ್ರಮ್ಮ ಕೇಳಿದರು.

"ನಿನ್ನ ಹುಡುಕ್ತಿದ್ದೆ ಮಾರಾಯ್ತಿ," ಎಂದರು ಗಂಗಾಧರಪ್ಪ. "ಹೆಂಗಸ್ರೆಲ್ಲ ಹಿಂದ್ಗಡೆ ಕತ್ತಲಾಗೆ ಕೂತಿದ್ರಲ್ಲ. ನೀ ಕಂಡ ಮೇಲೇ ಊದಿದ್ದು."